ಕೆಮ್ಮಿದರೆ ಸೋರುತ್ತದೆ, ಕೂತರೆ ನೋಯುತ್ತದೆ: ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಕುರಿತು ಓದುಗರ ಪ್ರಶ್ನೆಗಳು

ಮೂತ್ರ ಸೋರುವುದು, ಗರ್ಭಕೋಶ ಜಾರುವುದು, ಹೆರಿಗೆಯ ನಂತರ ಉಳಿದ ನೋವು. ಇವುಗಳ ಬಗ್ಗೆ ಬರುವ ಪತ್ರಗಳ ಕೊನೆಯಲ್ಲಿ ಸಾಮಾನ್ಯವಾಗಿ ‘ಹೆಸರು ಹಾಕಬೇಡಿ’ ಎಂದಿರುತ್ತದೆ. ಈ ಸಲದ ಅಂಕಣ ಪೂರ್ತಿ ಅಂಥ ಪತ್ರಗಳಿಗೇ. ಉತ್ತರ ಬರೆದವರು ಈ ವಿಭಾಗದ ಫಿಸಿಯೋಥೆರಪಿಸ್ಟರು.

ನನಗೆ 34 ವರ್ಷ, ಎರಡೂ ನಾರ್ಮಲ್ ಹೆರಿಗೆ. ಕೆಮ್ಮಿದರೆ, ಸೀನಿದರೆ, ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರೆ ಮೂತ್ರ ಸೋರುತ್ತದೆ. ಡಾಕ್ಟರು ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಅಲ್ಲಿ ಏನು ಮಾಡುತ್ತಾರೆ? ಬಟ್ಟೆ ಬಿಚ್ಚಬೇಕೇ? ಗಂಡಸರು ಇರುತ್ತಾರೆಯೇ? ನಾಚಿಕೆಯಾಗಿ ಚೀಟಿ ಹಾಗೇ ಇಟ್ಟುಕೊಂಡಿದ್ದೇನೆ. — ಹೆಸರು ಬೇಡ, ಹಾಸನ

ಚೀಟಿ ಹೊರಗೆ ತೆಗೆಯಿರಿ. ಕೆಮ್ಮು, ಸೀನಿನ ಜೊತೆ ಸೋರುವ ತೊಂದರೆಗೆ ಮೊದಲು ಮಾಡಬೇಕಾದ ಚಿಕಿತ್ಸೆಯೇ ಇದು. ಆಪರೇಷನ್ನಿನ ಮಾತು ಬರುವುದು ಇದನ್ನು ಸರಿಯಾಗಿ ಮಾಡಿ ನೋಡಿದ ಮೇಲೆ.

ಹೊಟ್ಟೆಯ ಕೆಳತುದಿಯಲ್ಲಿ ಕೈಗೆ ಸಿಗುವ ಗಟ್ಟಿ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಜೋಲಿಯ ಹಾಗೆ ಹರಡಿದ ಸ್ನಾಯುಗಳಿವೆ. ಪೆಲ್ವಿಕ್ ಫ್ಲೋರ್ ಎಂದರೆ ಇವೇ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರರ ಭಾರವೂ ಅವುಗಳ ಮೇಲೆ. ಕೆಮ್ಮಿದಾಗ ಹೊಟ್ಟೆಯ ಒತ್ತಡ ಒಮ್ಮೆಗೇ ಕೆಳಕ್ಕೆ ನುಗ್ಗುತ್ತದೆ. ಅದೇ ಗಳಿಗೆಯಲ್ಲಿ ಈ ಸ್ನಾಯು ಬಿಗಿದುಕೊಂಡು ಮೂತ್ರನಾಳವನ್ನು ಮುಚ್ಚಿ ಹಿಡಿಯಬೇಕು. ಹೆರಿಗೆಯಲ್ಲಿ ಹಿಗ್ಗಿಯೋ ಹರಿದೋ ಬಲ ಕಳೆದುಕೊಂಡಿದ್ದರೆ ಹಿಡಿಯುವುದು ತಡವಾಗುತ್ತದೆ, ಅಷ್ಟರಲ್ಲಿ ಸೋರಿರುತ್ತದೆ.

ಮೊದಲ ಭೇಟಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಹೊತ್ತು ಬರೀ ಮಾತು. ಹೆರಿಗೆಗಳು ಹೇಗಾದವು, ಮಗುವಿನ ತೂಕ ಎಷ್ಟಿತ್ತು, ಇಕ್ಕಳ ಅಥವಾ ವ್ಯಾಕ್ಯೂಮ್ ಹಾಕಿದ್ದರೇ, ಹೊಲಿಗೆ ಎಲ್ಲಿಯವರೆಗೆ ಬಿದ್ದಿತ್ತು, ಮಲಬದ್ಧತೆ ಇದೆಯೇ, ಗಾಳಿ ತಡೆಯಲು ಆಗುತ್ತದೆಯೇ, ಗಂಡನ ಜೊತೆ ಸೇರುವಾಗ ನೋವಿದೆಯೇ, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತದೆ ಎಂದೆಲ್ಲ ಕೇಳುತ್ತಾರೆ. ಡಿಸ್ಚಾರ್ಜ್ ಕಾರ್ಡು ಮತ್ತು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಒಯ್ಯಿರಿ. ಹೋಗುವ ಮೊದಲೇ ಮೂರು ದಿನದ ‘ಮೂತ್ರದ ಡೈರಿ’ ಬರೆದಿಟ್ಟರೆ ಒಂದು ಭೇಟಿಯೇ ಉಳಿಯಬಹುದು. ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಒಂದಕ್ಕೆ ಹೋದಿರಿ, ಎಷ್ಟು ಮಿಲಿ ಬಂತು, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ ಎಂಬುದಷ್ಟೇ ಬೇಕು. ಅಳೆಯಲು ಮಿಲಿ ಗುರುತಿರುವ ಹಳೆಯ ಪ್ಲಾಸ್ಟಿಕ್ ಜಗ್ ಸಾಕು.

ನಂತರ ಪರೀಕ್ಷೆ. ಮೊದಲು ಬಟ್ಟೆ ಮೇಲೆಯೇ ಉಸಿರಾಟ, ಬೆನ್ನು, ಸೊಂಟ, ಹೊಟ್ಟೆಯ ಸ್ನಾಯು ಮಧ್ಯದಲ್ಲಿ ಬಿಟ್ಟುಕೊಂಡಿದೆಯೇ ಎಂದು ನೋಡುತ್ತಾರೆ. ಒಳಪರೀಕ್ಷೆ ಏಕೆ ಬೇಕು, ಹೇಗೆ ಮಾಡುತ್ತಾರೆ ಎಂದು ವಿವರಿಸಿ ನಿಮ್ಮ ಒಪ್ಪಿಗೆ ಕೇಳಬೇಕು. ಕೇಳದೆ ಮುಂದುವರಿದರೆ ಎದ್ದು ಬನ್ನಿ. ಒಪ್ಪಿದರೆ ಸೊಂಟದ ಕೆಳಗಿನ ಬಟ್ಟೆ ತೆಗೆದು, ಶೀಟು ಹೊದ್ದು, ಮೊಣಕಾಲು ಮಡಚಿ ಮಲಗಬೇಕು. ಥೆರಪಿಸ್ಟ್ ಮೊದಲು ಹೊರಗಿನಿಂದ ನೋಡುತ್ತಾರೆ: ಹೊಲಿಗೆಯ ಕಲೆ ಹೇಗಿದೆ, ‘ಬಿಗಿ ಮಾಡಿ’ ಎಂದಾಗ ಜಾಗ ಒಳಕ್ಕೆ ಹೋಗುತ್ತದೋ ಹೊರಕ್ಕೆ ಉಬ್ಬುತ್ತದೋ, ಕೆಮ್ಮಿದಾಗ ಏನಾಗುತ್ತದೆ. ಆಮೇಲೆ ಗ್ಲೌಸ್ ಹಾಕಿ, ಜೆಲ್ ಹಚ್ಚಿದ ಒಂದೇ ಬೆರಳಿನಿಂದ ಯೋನಿಯ ಒಳಗೆ ಸ್ನಾಯುವನ್ನು ಮುಟ್ಟಿ ನೋಡುತ್ತಾರೆ. ಹೆರಿಗೆ ಆಸ್ಪತ್ರೆಯಲ್ಲಿ ಬಳಸುವ ಲೋಹದ ಉಪಕರಣ ಇಲ್ಲಿ ಸಾಮಾನ್ಯವಾಗಿ ಬಳಸುವುದಿಲ್ಲ. ಬಲಕ್ಕೆ 0ಯಿಂದ 5ರವರೆಗೆ ಅಂಕ ಇದೆ. ಏನೂ ಕದಲದಿದ್ದರೆ 0, ಮಿಣುಕಿದಂತಾದರೆ 1, ಬೆರಳನ್ನು ಹಿಡಿದು ಮೇಲಕ್ಕೆ ಎಳೆದರೆ 3, ಎದುರು ಒತ್ತಿದರೂ ಬಿಡದಿದ್ದರೆ 5. ಎಷ್ಟು ಸೆಕೆಂಡು ಹಿಡಿಯುತ್ತೀರಿ, ಸುಸ್ತಾಗುವ ಮೊದಲು ಎಷ್ಟು ಸಲ ಆಗುತ್ತದೆ, ಬಿಟ್ಟಾಗ ಪೂರ್ತಿ ಸಡಿಲವಾಗುತ್ತದೆಯೇ ಎಂಬುದನ್ನೂ ಬರೆದುಕೊಳ್ಳುತ್ತಾರೆ. ಈ ಕೊನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ, ಆದರೆ ಚಿಕಿತ್ಸೆ ಯಾವ ದಿಕ್ಕಿಗೆ ಹೋಗಬೇಕು ಎಂಬುದು ನಿಂತಿರುವುದು ಅದರ ಮೇಲೆ.

ಒಳಪರೀಕ್ಷೆ ಬೇಡವೆನಿಸಿದರೆ ಬೇಡ ಎನ್ನಿ. ಒಪ್ಪಿದ ಮೇಲೂ ಮಧ್ಯದಲ್ಲಿ ‘ಸಾಕು’ ಎಂದರೆ ನಿಲ್ಲಿಸಬೇಕು. ಹೊರಗಿನಿಂದ ಮುಟ್ಟಿ ನೋಡಬಹುದು, ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಇಟ್ಟು ಸ್ನಾಯು ಮೂತ್ರಕೋಶವನ್ನು ಎತ್ತುವುದನ್ನು ಪರದೆಯಲ್ಲಿ ತೋರಿಸಲೂಬಹುದು. ಸ್ಕ್ಯಾನಿಂಗ್‌ಗೆ ಮೂತ್ರಕೋಶದಲ್ಲಿ ಸ್ವಲ್ಪ ಮೂತ್ರ ಇರಬೇಕು, ಒಳಪರೀಕ್ಷೆಗೆ ಖಾಲಿ ಇರಬೇಕು. ಮದುವೆಯಾಗದ, ಸಂಭೋಗದ ಅನುಭವವಿಲ್ಲದ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಹೊರಗಿನ ಪರೀಕ್ಷೆಯಲ್ಲೇ ಮುಗಿಸುತ್ತಾರೆ.

ಗಂಡಸರ ವಿಷಯ: ಹೆಣ್ಣುಮಕ್ಕಳನ್ನು ನೋಡುವ ಈ ವಿಭಾಗದಲ್ಲಿ ಹೆಚ್ಚಾಗಿ ಮಹಿಳೆಯರೇ ಇರುತ್ತಾರೆ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ‘ಮೇಡಂ ಇದ್ದಾರಾ, ಬಾಗಿಲು ಹಾಕುವ ರೂಮ್ ಇದೆಯಾ’ ಎಂದು ಕೇಳಿ. ಪರದೆ ಎಳೆದ ಮಂಚ ಸಾಲದು. ಅಕ್ಕನೋ ಅಮ್ಮನೋ ಜೊತೆಗಿರಲಿ ಎನಿಸಿದರೆ ಕರೆದುಕೊಂಡು ಹೋಗಿ. ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿದ ಎಲ್ಲರೂ ಈ ಕೆಲಸ ಮಾಡುವುದಿಲ್ಲ. ಸ್ತ್ರೀರೋಗ-ಪ್ರಸೂತಿ ವಿಷಯದಲ್ಲಿ ಎಂಪಿಟಿ (ಸ್ನಾತಕೋತ್ತರ ಪದವಿ) ಮಾಡಿದವರು, ಇಲ್ಲವೇ ಪೆಲ್ವಿಕ್ ಫ್ಲೋರ್‌ನಲ್ಲಿ ಬೇರೆ ತರಬೇತಿ ಪಡೆದವರು ಬೇಕು. ಬೆನ್ನುನೋವಿನ ಕ್ಲಿನಿಕ್ಕಿನಲ್ಲಿ ಕೈಗೊಂದು ಹಾಳೆ ಕೊಟ್ಟು ‘ಮನೆಯಲ್ಲಿ ಮಾಡಿ’ ಎಂದು ಕಳಿಸಿದರೆ ಅದು ಈ ಚಿಕಿತ್ಸೆಯಲ್ಲ.

ಬಿಗಿ ಹಿಡಿಯುವ ವ್ಯಾಯಾಮವನ್ನು ನಿಖರವಾಗಿ ಮಾಡುವುದು ಹೇಗೆ? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. — ಓದುಗಿ, ಶಿರಸಿ

ಮೊದಲು ಮೂತ್ರ ಮಾಡಿ ಬನ್ನಿ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಉಸಿರು ಒಳಗೆ ತೆಗೆದುಕೊಳ್ಳಿ. ಬಿಡುತ್ತಾ, ನಾಲ್ಕು ಜನರ ನಡುವೆ ಅಪಾನವಾಯು ತಡೆಯುವ ಹಾಗೆ ಗುದದ್ವಾರವನ್ನು ಮುಚ್ಚಿ. ಆ ಬಿಗಿಯನ್ನು ಹಾಗೇ ಮುಂದಕ್ಕೆ, ಮೂತ್ರದ ದಾರಿಯ ಕಡೆಗೆ ತಂದು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಉಸಿರಾಡುತ್ತಲೇ ಹಿಡಿದಿಡಿ, ನಂತರ ಪೂರ್ತಿ ಬಿಡಿ. ಬಿಟ್ಟದ್ದು ನಿಮಗೆ ಗೊತ್ತಾಗಬೇಕು.

ತಪ್ಪಾಗುವುದು ಹೀಗೆ. ಉಸಿರು ಕಟ್ಟುವುದು, ಹೊಟ್ಟೆ ಉಬ್ಬಿಸುವುದು, ಅಂಡು ಬಿಗಿಯುವುದು, ತೊಡೆ ಒತ್ತಿಕೊಳ್ಳುವುದು. ಎಲ್ಲಕ್ಕಿಂತ ಕೆಟ್ಟದ್ದು, ಒಳಕ್ಕೆ ಎಳೆಯುವ ಬದಲು ಮಲ ತಿಣುಕುವಂತೆ ಹೊರಕ್ಕೆ ತಳ್ಳುವುದು. ಹೀಗೆ ತಳ್ಳುವವರು ಅಪರೂಪವೇನಲ್ಲ, ತಾವು ತಳ್ಳುತ್ತಿದ್ದೇವೆ ಎಂಬುದು ಅವರಿಗೆ ಗೊತ್ತೂ ಇರುವುದಿಲ್ಲ. ಅವರು ಎಷ್ಟು ಹೆಚ್ಚು ಮಾಡಿದರೆ ಅಷ್ಟು ನಷ್ಟ. ಮನೆಯಲ್ಲಿ ಕೈಗನ್ನಡಿ ಹಿಡಿದು ನೋಡಿ: ಯೋನಿ ಮತ್ತು ಗುದದ ನಡುವಿನ ಜಾಗ ಒಳಕ್ಕೆ ಸರಿದರೆ ಸರಿ, ಹೊರಕ್ಕೆ ಉಬ್ಬಿದರೆ ಅಂದೇ ನಿಲ್ಲಿಸಿ.

ಲೆಕ್ಕಕ್ಕೆ ಬರೋಣ. ಒಂದು ಸರದಿಗೆ ಕನಿಷ್ಠ 8 ಸಲ, ದಿನಕ್ಕೆ ಮೂರು ಸರದಿ, ಕನಿಷ್ಠ 3 ತಿಂಗಳು ಎಂಬುದು ಒಪ್ಪಿತವಾದ ಆರಂಭ. ಆದರೆ ಎಷ್ಟು ಸೆಕೆಂಡು ಹಿಡಿಯಬೇಕು ಎಂಬುದು ನಿಮ್ಮ ಪರೀಕ್ಷೆಯಿಂದ ಬರಬೇಕು. 3 ಸೆಕೆಂಡಿಗೆ ಸ್ನಾಯು ಕೈಬಿಡುವವರಿಗೆ ‘10 ಸೆಕೆಂಡು ಹಿಡಿಯಿರಿ’ ಎಂದರೆ ಉಳಿದ 7 ಸೆಕೆಂಡು ಕೆಲಸ ಮಾಡುವುದು ಅಂಡು, ತೊಡೆಗಳು. 3 ಹಿಡಿದರೆ 3ರಿಂದ 6 ಸೆಕೆಂಡು ವಿಶ್ರಾಂತಿ. ವಾರ ಕಳೆದಂತೆ ಒಂದೊಂದೇ ಸೆಕೆಂಡು ಏರಿಸಿ 10ಕ್ಕೆ ತನ್ನಿ. ಪ್ರತಿ ಸರದಿಯ ಕೊನೆಗೆ ಫಕ್ಕನೆ ಬಿಗಿದು ಫಕ್ಕನೆ ಬಿಡುವುದು 10 ಸಲ. ಸೀನಿನ ವೇಗಕ್ಕೆ ಒದಗುವುದು ಈ ಚುರುಕು. ಮಲಗಿ ಮಾಡಲು ಬಂದ ಮೇಲೆ ಕೂತು, ಆಮೇಲೆ ನಿಂತು, ಆಮೇಲೆ ನಡೆಯುತ್ತಾ ಮಾಡಬೇಕು. ಮಲಗಿದಲ್ಲೇ ಉಳಿದವರಿಗೆ ಮೆಟ್ಟಿಲ ಮೇಲೆ ಸೋರುವುದು ನಿಲ್ಲುವುದಿಲ್ಲ.

ಇದರ ಜೊತೆ ಒಂದು ಉಪಾಯ: ಕೆಮ್ಮು ಬರುವ ಸೂಚನೆ ಸಿಕ್ಕ ಕೂಡಲೇ ಮೊದಲು ಬಿಗಿಯಿರಿ, ಆಮೇಲೆ ಕೆಮ್ಮಿ. ಸೀನು, ನಗು, ಬಿಂದಿಗೆ ಎತ್ತುವುದು ಎಲ್ಲಕ್ಕೂ ಇದೇ. ಸ್ನಾಯು ಬಲಿಯಲು ತಿಂಗಳುಗಳು ಬೇಕು, ಈ ಅಭ್ಯಾಸದಿಂದ ಕೆಲವರಿಗೆ ಮೊದಲ ವಾರದಲ್ಲೇ ವ್ಯತ್ಯಾಸ ಕಾಣುತ್ತದೆ.

ಮೂತ್ರ ಮಾಡುವಾಗ ಮಧ್ಯದಲ್ಲಿ ತಡೆದು ಅಭ್ಯಾಸ ಮಾಡಬೇಡಿ. ಸರಿಯಾದ ಸ್ನಾಯು ಯಾವುದೆಂದು ತಿಳಿಯಲು ಒಂದು ಸಲ ನೋಡಿದರೆ ಪರವಾಗಿಲ್ಲ. ದಿನವೂ ಮಾಡಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುವ ಅಭ್ಯಾಸ ಬೀಳಬಹುದು.

ಯೋಗದ ಮೂಲಬಂಧ, ಅಶ್ವಿನೀ ಮುದ್ರೆ ಮಾಡಿದರೆ ಸಾಲದೇ? — ಯೋಗ ಶಿಕ್ಷಕಿ, ಮೈಸೂರು

ಕೆಲಸ ಮಾಡುವುದು ಹೆಚ್ಚುಕಡಿಮೆ ಅವೇ ಸ್ನಾಯುಗಳು. ಸರಿಯಾಗಿ ಬರುವವರಿಗೆ ಉಪಯೋಗವಿದೆ. ಆದರೆ ತರಗತಿಯಲ್ಲಿ ಯಾರದು ದುರ್ಬಲ, ಯಾರದು ಬಿಗಿ ಎಂದು ನೀವು ನೋಡಿ ಹೇಳಲಾಗದು. ಕುಂಭಕದೊಡನೆ ದೀರ್ಘವಾಗಿ ಹಿಡಿಸಿದರೆ ಬಿಗಿ ಸ್ನಾಯುವಿನವರಿಗೆ ನೋವು ಹೆಚ್ಚುತ್ತದೆ, ಗರ್ಭಕೋಶ ಜಾರಿದವರಿಗೆ ಕೆಳಗಿನ ಒತ್ತಡ ಹೆಚ್ಚುತ್ತದೆ. ಅಂಥವರಿಗೆ ಉಸಿರು ಕಟ್ಟಿಸಬೇಡಿ.

ಯೂಟ್ಯೂಬ್ ನೋಡಿ ದಿನಕ್ಕೆ ಇನ್ನೂರು ಕೆಗೆಲ್ (ಬಿಗಿ ಹಿಡಿಯುವ ವ್ಯಾಯಾಮ) ಮಾಡತೊಡಗಿದೆ. ಎರಡು ತಿಂಗಳ ನಂತರ ಕೂತರೆ ಬಾಲದ ಮೂಳೆಯ ಹತ್ತಿರ ನೋವು, ಮೂತ್ರ ಶುರುವಾಗಲು ಕಾಯಬೇಕು, ಮಲವೂ ಸಲೀಸಾಗಿ ಹೋಗುತ್ತಿಲ್ಲ. ಇನ್ನೂ ಹೆಚ್ಚು ಮಾಡಬೇಕೇ? — ಐಟಿ ಉದ್ಯೋಗಿ, 29, ಬೆಂಗಳೂರು

ಇವತ್ತೇ ನಿಲ್ಲಿಸಿ.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದಾಗ ಅದರ ಜೊತೆ ಒಂದು ಅಳತೆಯ ಉಪಕರಣವೂ ಇತ್ತು. ಯೋನಿಯೊಳಗೆ ಇಟ್ಟ ರಬ್ಬರ್ ಕೊಳವೆಗೆ ಒತ್ತಡದ ಮಾಪಕ ಜೋಡಿಸಿ, ಮುಳ್ಳು ಏರುವುದನ್ನು ನೋಡುತ್ತಾ ಹೆಂಗಸರು ಅಭ್ಯಾಸ ಮಾಡುತ್ತಿದ್ದರು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ವ್ಯಾಯಾಮ ಮಾತ್ರ ಊರೂರಿಗೆ ಹರಡಿತು, ಅಳತೆ ಹಿಂದೆಯೇ ಉಳಿಯಿತು. ನಿಮಗೆ ತೊಂದರೆ ಕೊಡುತ್ತಿರುವುದು ಆ ಕೊರತೆಯೇ.

ನೀವು ಹೇಳಿದ ಲಕ್ಷಣಗಳು ಹೆಚ್ಚಾಗಿ ಬಿಗಿದು ಕೂತ ಸ್ನಾಯುವಿನವು. ಸಡಿಲವಾದರೆ ತಾನೇ ಮೂತ್ರ, ಮಲ ಹೊರಗೆ ಬರುವುದು? ಸದಾ ಬಿಗಿದಿರುವ ಸ್ನಾಯುವಿಗೆ ರಕ್ತಸಂಚಾರ ಕಡಿಮೆಯಾಗಿ ನೋವು ಬರುತ್ತದೆ, ಪರೀಕ್ಷೆಯಲ್ಲಿ ಬಲವೂ ಕಡಿಮೆಯೇ ಕಾಣುತ್ತದೆ. ಬಲ ಕಡಿಮೆ ಎಂದು ಮತ್ತೆ ಕೆಗೆಲ್ ಹೇಳಿದರೆ ಇನ್ನಷ್ಟು ಬಿಗಿ. ಮೊದಲು ಮೂತ್ರ ಪರೀಕ್ಷೆ ಮಾಡಿಸಿ ಸೋಂಕಿಲ್ಲ ಎಂದು ಖಚಿತಪಡಿಸಿಕೊಳ್ಳಿ, ಆಮೇಲೆ ಥೆರಪಿಸ್ಟ್ ಬಳಿ ಹೋಗಿ.

ಅಲ್ಲಿ ನಿಮಗೆ ಕಲಿಸುವುದು ಬಿಡುವುದನ್ನು. ನೆಲದ ಮೇಲೆ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಡಿ. ಮೂಗಿನಿಂದ 4 ಎಣಿಸುವಷ್ಟು ಉಸಿರೆಳೆದುಕೊಳ್ಳಿ. ಪಕ್ಕೆಲುಬು ಅಗಲವಾಗಲಿ, ಹೊಟ್ಟೆ ಏರಲಿ, ಕೂರುವ ಎರಡು ಮೂಳೆಗಳ ನಡುವಿನ ಜಾಗ ಕೆಳಕ್ಕೆ ಅರಳಲಿ. 6 ಎಣಿಸುವಷ್ಟು ಬಿಡಿ. ದಿನಕ್ಕೆರಡು ಸಲ, ಐದರಿಂದ ಹತ್ತು ನಿಮಿಷ. ಮೊಣಕಾಲು ಅಗಲಿಸಿ, ಎದೆಯ ಕೆಳಗೆ ದಿಂಬಿಟ್ಟು ಬಾಲಾಸನ ಒಂದೆರಡು ನಿಮಿಷ. ಕ್ಲಿನಿಕ್ಕಿನಲ್ಲಿ, ಒಪ್ಪಿಗೆ ಇದ್ದರೆ, ಒಳಗಿನ ಬಿಗಿಯಾದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಅದು ಕರಗುವವರೆಗೆ, ಅರ್ಧ ನಿಮಿಷದಿಂದ ಒಂದೂವರೆ ನಿಮಿಷ, ಹಿಡಿಯುತ್ತಾರೆ. ನೋವು 10ರಲ್ಲಿ 3 ದಾಟಬಾರದು. ಹಲ್ಲು ಕಚ್ಚಿ ತಡೆದುಕೊಳ್ಳುವ ಚಿಕಿತ್ಸೆ ಇದಲ್ಲ, ಹಲ್ಲು ಕಚ್ಚಿದರೆ ಕೆಳಗೂ ಬಿಗಿಯುತ್ತದೆ. ಮರುದಿನ ಸ್ವಲ್ಪ ಮೈಕೈ ನೋವಿನಂತೆ ಇರಬಹುದು. ಎರಡು ದಿನ ಮೀರಿದರೆ ಮುಂದಿನ ಸಲ ಹೇಳಿ, ಒತ್ತಡ ಕಡಿಮೆ ಮಾಡುತ್ತಾರೆ.

ಮಲಕ್ಕೆ ಕಮೋಡ್ ಮೇಲೆ ಕೂರುವವರಾದರೆ ಕಾಲ ಕೆಳಗೆ ಗಿಡ್ಡ ಸ್ಟೂಲಿಟ್ಟು ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಮಾಡಿ, ಮುಂದಕ್ಕೆ ಬಾಗಿ, ಬಾಯಿಯಿಂದ ‘ಊ’ ಎಂದು ಗಾಳಿ ಬಿಡಿ. ತಿಣುಕಬೇಡಿ. ಇನ್ನು ಆಫೀಸಿನಲ್ಲಿ ಹೊಟ್ಟೆ ಒಳಗೆಳೆದುಕೊಂಡೇ ಎಂಟು ಗಂಟೆ ಕೂರುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಫೋಟೋಕ್ಕೆ ಮಾತ್ರ ಸಾಕು.

ಮದುವೆಯಾಗಿ ಎಂಟು ತಿಂಗಳಾದರೂ ಸೇರಲು ಆಗುತ್ತಿಲ್ಲ. ಗೋಡೆಗೆ ತಾಗಿದಂತಾಗಿ ವಿಪರೀತ ನೋವು. ‘ಮೊದಮೊದಲು ಹಾಗೇ’ ಎನ್ನುತ್ತಾರೆ ಮನೆಯವರು. — ಹೆಸರು, ಊರು ಬೇಡ

ಎಂಟು ತಿಂಗಳು ‘ಮೊದಮೊದಲು’ ಅಲ್ಲ. ನಿಮ್ಮ ಇಚ್ಛೆ ಮೀರಿ ಯೋನಿಯ ಸುತ್ತಲ ಸ್ನಾಯು ಬಿಗಿದುಕೊಳ್ಳುವ ತೊಂದರೆ ಇದಾಗಿರಬಹುದು. ಇದನ್ನು ವೆಜಿನಿಸ್ಮಸ್ ಎನ್ನುತ್ತಾರೆ. ಇದು ನಾಟಕವಲ್ಲ, ಗಂಡನ ಮೇಲೆ ಇಷ್ಟವಿಲ್ಲ ಎಂಬುದರ ಗುರುತೂ ಅಲ್ಲ. ಮೊದಲು ಸ್ತ್ರೀರೋಗ ತಜ್ಞೆ ಸೋಂಕು, ಚರ್ಮದ ತೊಂದರೆ, ಕನ್ಯಾಪೊರೆಯ ತೊಂದರೆ ಇಲ್ಲವೆಂದು ನೋಡಬೇಕು. ಥೆರಪಿಸ್ಟ್ ಮೊದಲ ಭೇಟಿಯಲ್ಲಿ ಒಳಪರೀಕ್ಷೆ ಮಾಡುವ ಆತುರ ತೋರಬಾರದು. ಎರಡು ಮೂರು ಭೇಟಿ ಬರೀ ಉಸಿರಾಟ ಮತ್ತು ಹೊರಗಿನ ಸ್ಪರ್ಶದಲ್ಲೇ ಕಳೆಯಬಹುದು. ನಂತರ ಡೈಲೇಟರ್: ಕಿರುಬೆರಳಷ್ಟು ಸಣ್ಣದರಿಂದ ಶುರುವಾಗಿ ಹಂತಹಂತವಾಗಿ ದಪ್ಪವಾಗುವ ನಯವಾದ ಸಿಲಿಕೋನ್ ಕೊಳವೆಗಳ ಸೆಟ್. ನೀರು ಆಧಾರಿತ ಜೆಲ್ ಹಚ್ಚಿ, ನಿಮ್ಮ ಕೈಯಿಂದ ನೀವೇ, ಉಸಿರು ಒಳಗೆಳೆದು ಕೆಳಭಾಗ ಸಡಿಲವಾದಾಗ ಇಡಬೇಕು. 5ರಿಂದ 10 ನಿಮಿಷ, ವಾರಕ್ಕೆ ಮೂರು ನಾಲ್ಕು ಸಲ. ಒಂದು ಅಳತೆ ಆರಾಮ ಎನಿಸುವವರೆಗೆ ಮುಂದಿನದಕ್ಕೆ ಹೋಗಬೇಡಿ. ಬಿಸಿನೀರು, ಸೌಮ್ಯ ಸೋಪಿನಲ್ಲಿ ತೊಳೆದು ಒಣಗಿಸಿಡಿ. ಕೊಬ್ಬರಿ ಎಣ್ಣೆ ಹಚ್ಚಬಹುದೇ ಎಂದು ಕೇಳುವವರಿದ್ದಾರೆ. ಲ್ಯಾಟೆಕ್ಸ್ ಕಾಂಡೋಮ್ ಬಳಸುವವರು ಎಣ್ಣೆ ಮುಟ್ಟಬಾರದು, ಕಾಂಡೋಮ್ ಹರಿಯುತ್ತದೆ. ಈ ಅವಧಿಯಲ್ಲಿ ಸೇರುವ ಪ್ರಯತ್ನವನ್ನು ಇಬ್ಬರೂ ಮಾತಾಡಿಕೊಂಡು ನಿಲ್ಲಿಸಿ, ಪ್ರತಿ ಸೋಲೂ ಸ್ನಾಯುವಿಗೆ ಬಿಗಿಯುವ ಪಾಠ ಹೇಳಿಕೊಡುತ್ತದೆ. ಒಂದೆರಡು ಭೇಟಿಗೆ ಪತಿಯೂ ಬಂದರೆ ಒಳ್ಳೆಯದು. ಭಯ ಹೆಚ್ಚಿದ್ದರೆ ಆಪ್ತ ಸಮಾಲೋಚನೆಯೂ ಜೊತೆಗೇ ನಡೆಯಲಿ.

ಮಗಳ ಬಾಣಂತನ ನಡೆಯುತ್ತಿದೆ, ಹದಿನೈದು ದಿನ ಆಯಿತು. ನಾವು ಹೊಟ್ಟೆಗೆ ಹತ್ತಿ ಸೀರೆ ಬಿಗಿಯಾಗಿ ಸುತ್ತುತ್ತೇವೆ, ನೀರು ಕಡಿಮೆ ಕೊಡುತ್ತೇವೆ. ಆಸ್ಪತ್ರೆಯ ಫಿಸಿಯೋ ಎರಡೂ ಬೇಡ ಎಂದರಂತೆ. ವ್ಯಾಯಾಮವನ್ನೂ ಈಗಲೇ ಶುರುಮಾಡು ಎಂದಿದ್ದಾರಂತೆ. ಹಸಿ ಮೈಯಲ್ಲಿ ಇದು ಸರಿಯೇ? — ತಾಯಿ, ಚಿಕ್ಕಮಗಳೂರು

ಸರಿಯೇ ಅಮ್ಮ. ಆದರೆ ನಿಮ್ಮ ಪದ್ಧತಿಯನ್ನೆಲ್ಲ ಬಿಡಬೇಕಾಗಿಲ್ಲ.

ಸೀರೆ ಸುತ್ತುವುದರಿಂದ ಬೆನ್ನಿಗೆ ಆಸರೆ ಸಿಗುತ್ತದೆ. ಸಿಸೇರಿಯನ್ ಆದವರಿಗೆ ಎದ್ದು ಕೂರುವಾಗ ಹೊಲಿಗೆಯ ನೋವು ಕಡಿಮೆ. ತೊಂದರೆ ಇರುವುದು ಬಿಗಿಯಲ್ಲಿ. ಸೊಂಟದ ಮೇಲೆ ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡಕ್ಕೆ ಹೋಗಲು ಕೆಳಗೊಂದೇ ದಾರಿ, ಅಲ್ಲಿರುವುದು ಈಗಷ್ಟೇ ಹಿಗ್ಗಿ ಬಳಲಿದ ಸ್ನಾಯು. ಸುತ್ತಿದ ಸೀರೆಯ ಒಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು, ಅವಳು ಆಳವಾಗಿ ಉಸಿರಾಡಲು ಆಗಬೇಕು. ಸುತ್ತುವಾಗ ಕೆಳಗಿನಿಂದ ಮೇಲಕ್ಕೆ ಸುತ್ತಿ, ರಾತ್ರಿ ತೆಗೆಯಿರಿ.

ನೀರಿನ ವಿಷಯದಲ್ಲಿ ಮಾತ್ರ ಒಪ್ಪುವಂತಿಲ್ಲ. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ತಿಣುಕಬೇಕು, ತಿಣುಕಿದರೆ ಹೊಲಿಗೆಗೂ ತಳದ ಸ್ನಾಯುವಿಗೂ ಪೆಟ್ಟು. ಹಾಲೂಡಿಸುವವಳಿಗೆ ಬಾಯಾರಿಕೆಯೂ ಹೆಚ್ಚು. ತಣ್ಣೀರು ಬೇಡವೆಂದಿದ್ದರೆ ಬಿಸಿನೀರನ್ನೇ ಕೊಡಿ, ಜೀರಿಗೆ ಹಾಕಿ ಕುದಿಸಿ ಕೊಡಿ, ಬಾಯಾರಿದಷ್ಟೂ ಕೊಡಿ. ಸೊಪ್ಪು, ಹಣ್ಣು ತಟ್ಟೆಯಲ್ಲಿರಲಿ. ಕೆಳಗೆ ಹೊಲಿಗೆ ಬಿದ್ದಿದ್ದರೆ ಕೆಲ ವಾರ ಕುಕ್ಕುರುಗಾಲಿನ ಕಕ್ಕಸಿನ ಬದಲು ಕಮೋಡ್, ಕಾಲಿಗೆ ಸ್ಟೂಲು. ಮಲಕ್ಕೆ ಹೋಗುವಾಗ ಸ್ವಚ್ಛ ಪ್ಯಾಡನ್ನು ಹೊಲಿಗೆಯ ಮೇಲೆ ಮುಂದಿನಿಂದ ಒತ್ತಿ ಹಿಡಿದರೆ ಧೈರ್ಯ ಬರುತ್ತದೆ.

ವ್ಯಾಯಾಮ ಎಂದರೆ ಈಗ ಮೆಲ್ಲಗೆ ಬಿಗಿದು ಬಿಡುವುದು ಮಾತ್ರ. ಕ್ಯಾಥೆಟರ್ ತೆಗೆದು ಸರಿಯಾಗಿ ಮೂತ್ರ ಹೋದ ಮೇಲೆ, ನೋವಿಲ್ಲದಷ್ಟು ಬಲದಲ್ಲಿ, ಮಲಗಿಯೇ ಮಾಡಬಹುದು. ಹಾಲೂಡಿಸುವ ಹೊತ್ತಿಗೆ ಜೋಡಿಸಿಕೊಂಡರೆ ಮರೆಯುವುದಿಲ್ಲ. ಸಿಸೇರಿಯನ್ ಆದವರಿಗೂ ಬೇಕು: ಒಂಬತ್ತು ತಿಂಗಳು ಭಾರ ಹೊತ್ತದ್ದು ಅದೇ ಸ್ನಾಯು. ಓಟ, ಜಿಗಿತ, ಹೊಟ್ಟೆ ಕರಗಿಸುವ ಕ್ರಂಚಸ್ ಈಗ ಬೇಡ. ಆರನೇ ವಾರದ ತಪಾಸಣೆಯ ಸುಮಾರಿಗೆ ಫಿಸಿಯೋ ಬಳಿ ಒಮ್ಮೆ ತೋರಿಸಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಮೂರನೇ’ ಅಥವಾ ‘ನಾಲ್ಕನೇ ಡಿಗ್ರಿ’ ಹರಿದ ಗಾಯ (ಟಿಯರ್) ಎಂದು ಬರೆದಿದ್ದರೆ ತೋರಿಸಲೇಬೇಕು. ಗಾಯ ಗುದದ ಸ್ನಾಯುವನ್ನು ಮುಟ್ಟಿದೆ ಎಂದು ಅದರ ಅರ್ಥ. ಗಾಳಿ ತಡೆಯಲಾಗದಿದ್ದರೆ, ಮಲ ಸೋರಿದರೆ ಹುಡುಗಿಯರು ಯಾರಿಗೂ ಹೇಳುವುದಿಲ್ಲ. ನೀವೇ ಮೆಲ್ಲಗೆ ಕೇಳಿ.

ಬೀಗಕ್ಕೆ ಕೀಲಿ ಹಾಕುವಷ್ಟರಲ್ಲಿ ಸೋರಿಹೋಗುತ್ತದೆ. ಶಾಲೆಯ ಶೌಚಾಲಯ ಸರಿಯಿಲ್ಲವೆಂದು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಮನೆಯಲ್ಲಿದ್ದರೆ ಅರ್ಧ ಗಂಟೆಗೊಮ್ಮೆ ಹೋಗುತ್ತೇನೆ. — ಶಿಕ್ಷಕಿ, 46, ಕಲಬುರಗಿ

ಇದು ಕೆಮ್ಮಿದಾಗ ಸೋರುವುದಕ್ಕಿಂತ ಬೇರೆ. ಇಲ್ಲಿ ಮೂತ್ರಕೋಶ ಅರ್ಧವೂ ತುಂಬುವ ಮೊದಲೇ ತಾನಾಗಿ ಹಿಂಡಿಕೊಳ್ಳುತ್ತಿದೆ. ನೀರು ಬಿಟ್ಟದ್ದರಿಂದ ಮೂತ್ರ ಗಾಢವಾಗಿ ಒಳಪದರವನ್ನು ಕೆಣಕುತ್ತದೆ. ‘ಯಾವುದಕ್ಕೂ ಇರಲಿ’ ಎಂದು ಅರ್ಧ ಗಂಟೆಗೊಮ್ಮೆ ಹೋಗಿ ಸ್ವಲ್ಪಕ್ಕೇ ಕೂಗುವುದನ್ನು ಅದಕ್ಕೆ ಕಲಿಸಿದ್ದೀರಿ. ದೊಡ್ಡವರ ಮೂತ್ರಕೋಶ ಆರಾಮಾಗಿ 300ರಿಂದ 500 ಮಿಲಿ ಹಿಡಿಯುತ್ತದೆ, ಹಗಲು ಆರೆಂಟು ಸಲ ಹೋಗುವುದು ಸಹಜ. ನಿಮ್ಮ ಡೈರಿಯಲ್ಲಿ 80, 100 ಎಂದೇ ಕಂಡರೆ ರೋಗದ ಚಿತ್ರ ಅಲ್ಲೇ ಇದೆ.

ಮೊದಲು ಮೂತ್ರದ ಸೋಂಕು ಮತ್ತು ಸಕ್ಕರೆ ಪರೀಕ್ಷೆ. ಎರಡೂ ಇದೇ ತೊಂದರೆ ತರಬಲ್ಲವು. ಆಮೇಲೆ ತರಬೇತಿ. ಈಗ 30 ನಿಮಿಷಕ್ಕೊಮ್ಮೆ ಹೋಗುವವರಾದರೆ ಗಡಿಯಾರ ನೋಡಿ 45 ನಿಮಿಷಕ್ಕೆ ಹೋಗಿ. ವಾರಕ್ಕೆ 15 ನಿಮಿಷ ಏರಿಸಿ, ಎರಡೂವರೆ ಮೂರು ಗಂಟೆಗೆ ತನ್ನಿ. ನಡುವೆ ಅವಸರ ಎದ್ದರೆ ಓಡಬೇಡಿ, ಓಡಿದರೆ ಸೋರುವುದು ಖಚಿತ. ನಿಂತಲ್ಲೇ ನಿಲ್ಲಿ, ಸಾಧ್ಯವಾದರೆ ಕೂರಿ. ತಳದ ಸ್ನಾಯುವನ್ನು ಚುರುಕಾಗಿ ಐದಾರು ಸಲ ಬಿಗಿದು ಬಿಡಿ. ಹೀಗೆ ಬಿಗಿದಾಗ ಮೂತ್ರಕೋಶಕ್ಕೆ ಸಡಿಲವಾಗು ಎಂಬ ಸಂದೇಶ ನರಗಳ ಮೂಲಕವೇ ಹೋಗುತ್ತದೆ. ಗಮನ ಬೇರೆಡೆ ಹೋಗಲಿ ಎಂದು ನೂರರಿಂದ ಏಳೇಳು ಕಳೆಯುತ್ತಾ ಬನ್ನಿ. ಅವಸರ ಅಲೆಯಂತೆ ಎದ್ದು ಇಳಿಯುತ್ತದೆ, ಇಳಿದ ಮೇಲೆ ನಿಧಾನವಾಗಿ ನಡೆದು ಹೋಗಿ. ಬಾಗಿಲ ಬೀಗದ ಮುಂದೆಯೂ ಇದೇ: ಕೀಲಿ ತೆಗೆಯುವ ಮೊದಲು ನಿಂತು ಬಿಗಿಯಿರಿ.

ನೀರು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಒಮ್ಮೆಗೇ ಅಲ್ಲ. ಕಲಬುರಗಿಯ ಬೇಸಿಗೆಗೆ ಅದಕ್ಕಿಂತ ಹೆಚ್ಚೇ ಬೇಕು. ಚಹಾ, ಕಾಫಿಯನ್ನು ಎರಡು ವಾರ ಅರ್ಧಕ್ಕಿಳಿಸಿ ನೋಡಿ. ಕನಿಷ್ಠ ಆರು ವಾರ ನಡೆಸಿದ ಮೇಲೆ ತೀರ್ಮಾನಿಸಿ, ಸಾಲದಿದ್ದರೆ ಡಾಕ್ಟರು ಮಾತ್ರೆ ಸೇರಿಸುತ್ತಾರೆ. ಶಾಲೆಯ ಶೌಚಾಲಯ ಸರಿಯಾಗಬೇಕಾದದ್ದು ಬೇರೆ ಮಾತು. ಅದನ್ನು ವ್ಯಾಯಾಮದಿಂದ ಸರಿಮಾಡಲಾಗದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎತ್ತಲೇಬೇಕು.

67 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆಗಿ ಕ್ಯಾಥೆಟರ್ ತೆಗೆದಿದ್ದಾರೆ. ನಿಂತರೆ ಸೋರುತ್ತದೆ, ಸಂಜೆ ಹೆಚ್ಚು. ಗಂಡಸರಿಗೂ ಇದು ಉಂಟೇ? — ನಿವೃತ್ತ ನೌಕರ, ಹುಬ್ಬಳ್ಳಿ

ಉಂಟು. ಪ್ರಾಸ್ಟೇಟ್ ತೆಗೆದಾಗ ಮೂತ್ರಕೋಶದ ಬಾಯಲ್ಲಿದ್ದ ಒಂದು ಕವಾಟದ ಕೆಲಸ ನಿಲ್ಲುತ್ತದೆ. ಇನ್ನು ಭಾರವೆಲ್ಲ ಕೆಳಗಿನ ಸ್ನಾಯುವಿನ ಮೇಲೆ. ಸಂಜೆ ಹೊತ್ತಿಗೆ ಅದು ದಣಿಯುತ್ತದೆ, ಆದ್ದರಿಂದ ಸಂಜೆ ಹೆಚ್ಚು. ಆಪರೇಷನ್ನಿಗೆ ಮೊದಲೇ ಕಲಿತಿದ್ದರೆ ಇನ್ನೂ ಒಳ್ಳೆಯದಿತ್ತು, ಮುಂದೆ ಮಾಡಿಸಿಕೊಳ್ಳುವವರು ಗಮನಿಸಲಿ. ಕ್ಯಾಥೆಟರ್ ಇರುವಾಗ ಮಾತ್ರ ಮಾಡಬಾರದು.

ಕನ್ನಡಿಯ ಮುಂದೆ ನಿಲ್ಲಿ. ಮೂತ್ರದ ಹನಿ ತಡೆಯುವಂತೆ ಮುಂದಿನ ಭಾಗವನ್ನು ಬಿಗಿಯಿರಿ. ಶಿಶ್ನದ ಬುಡ ಸ್ವಲ್ಪ ಒಳಕ್ಕೆ ಸರಿದು ವೃಷಣ ಮೇಲೇರಿದರೆ ಸರಿ. ಗುದವನ್ನಷ್ಟೇ ಬಿಗಿದರೆ ನಿಮಗೆ ಬೇಕಾದ ಕೆಲಸ ಆಗುವುದಿಲ್ಲ, ಗಂಡಸರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕುರ್ಚಿಯಿಂದ ಏಳುವ ಮುಂಚೆ ಬಿಗಿದು, ಉಸಿರು ಬಿಡುತ್ತಾ ಏಳಿ. ಒಂದಕ್ಕೆ ಹೋಗಿ ಮುಗಿದ ಮೇಲೂ ಒಮ್ಮೆ ಬಿಗಿದರೆ ಕೊನೆಯ ಹನಿ ಪಂಚೆಗೆ ಬೀಳುವುದಿಲ್ಲ. ಪ್ರಗತಿ ನೋಡಲು ಪ್ಯಾಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಒಣ ಪ್ಯಾಡಿನ ತೂಕ ಕಳೆಯಿರಿ. 1 ಗ್ರಾಂ ಎಂದರೆ ಸುಮಾರು 1 ಮಿಲಿ. ವಾರಕ್ಕೊಂದು ದಿನ ತೂಗಿದರೆ ಸಾಕು, ದಿನವೂ ತೂಗಿ ಚಿಂತೆ ಹಚ್ಚಿಕೊಳ್ಳಬೇಡಿ. ಸುಧಾರಣೆ ಮೂರರಿಂದ ಆರು ತಿಂಗಳಲ್ಲಿ ಚೆನ್ನಾಗಿ ಕಾಣುತ್ತದೆ, ವರ್ಷದವರೆಗೂ ನಡೆಯುತ್ತದೆ. ಆಮೇಲೂ ಹೆಚ್ಚು ಸೋರಿದರೆ ಯುರಾಲಜಿಸ್ಟ್ ಬಳಿ ಸ್ಲಿಂಗ್ (ಮೂತ್ರನಾಳಕ್ಕೆ ಆಸರೆಯ ಪಟ್ಟಿ), ಕೃತಕ ಕವಾಟದಂಥ ಆಪರೇಷನ್ ದಾರಿಗಳಿವೆ.

ಅತ್ತೆಗೆ 58. ಹೊಲದ ಕೆಲಸ. ಸಂಜೆ ಹೊತ್ತಿಗೆ ಕೆಳಗೆ ಗಡ್ಡೆ ಬಂದಂತಾಗುತ್ತದೆ ಎನ್ನುತ್ತಾರೆ. ಗರ್ಭಕೋಶ ಜಾರಿದೆ, ತೆಗೆಸಿಬಿಡಿ ಎಂದರು. — ಸೊಸೆ, ಕೊಪ್ಪಳ

ಎಷ್ಟು ಜಾರಿದೆ ಎಂಬುದು ಮೊದಲ ಪ್ರಶ್ನೆ. ಯೋನಿಯ ಬಾಯಿಯವರೆಗೆ ಬಂದು ನಿಂತ ಹಂತದಲ್ಲಿ ಮೂರ್ನಾಲ್ಕು ತಿಂಗಳ ವ್ಯಾಯಾಮದಿಂದ ಭಾರ, ಎಳೆತ ಕಡಿಮೆಯಾಗುತ್ತದೆ. ಪೂರ್ತಿ ಹೊರಬಂದದ್ದನ್ನು ವ್ಯಾಯಾಮ ಒಳಗೆ ಹಾಕಲಾರದು. ಆಪರೇಷನ್ ಬೇಡವಾದವರಿಗೆ ಪೆಸರಿ ಎಂಬ ಸಿಲಿಕೋನ್ ಉಂಗುರ ಇದೆ. ಸ್ತ್ರೀರೋಗ ತಜ್ಞರು ಅಳತೆ ನೋಡಿ ಇಡುತ್ತಾರೆ, ಕೆಲವು ತಿಂಗಳಿಗೊಮ್ಮೆ ತೆಗೆದು ತೊಳೆದು ಪರೀಕ್ಷಿಸಬೇಕು. ಗರ್ಭಕೋಶ ತೆಗೆದ ಮಾತ್ರಕ್ಕೆ ಸಡಿಲವಾದ ಆಧಾರ ಸರಿಹೋಗುವುದಿಲ್ಲ. ಆಧಾರವನ್ನು ಹೊಲಿಯದೆ ಬಿಟ್ಟರೆ ಯೋನಿಯ ಮೇಲ್ಭಾಗವೇ ಮುಂದೆ ಜಾರಬಹುದು. ‘ತೆಗೆಯುವುದಷ್ಟೇ ಮಾಡುತ್ತೀರೋ, ಆಧಾರವನ್ನೂ ಸರಿಪಡಿಸುತ್ತೀರೋ’ ಎಂದು ಕೇಳಿಯೇ ಸಹಿ ಹಾಕಿ.

ಮನೆಯಲ್ಲಿ ಭಾರದ ಲೆಕ್ಕ ನೋಡಿ. 15 ಲೀಟರಿನ ಬಿಂದಿಗೆ 15 ಕಿಲೋ. ಅರ್ಧ ತುಂಬಿಸಿ ಎರಡು ಸಲ ಹೋಗಲಿ. 14.2 ಕಿಲೋ ಗ್ಯಾಸಿನ ಸಿಲಿಂಡರ್ ಕಬ್ಬಿಣದ ತೂಕ ಸೇರಿ 30 ಕಿಲೋ ಹತ್ತಿರ, ಅದನ್ನು ಅತ್ತೆ ಎತ್ತಲೇಬಾರದು. ಎತ್ತುವುದಾದರೆ ಮೊಣಕಾಲು ಬಗ್ಗಿಸಿ, ವಸ್ತುವನ್ನು ಮೈಗೆ ತಂದುಕೊಂಡು, ಮೊದಲು ಬಿಗಿದು, ಉಸಿರು ಬಿಡುತ್ತಾ ಎತ್ತಬೇಕು. ಹಳೆಯ ಕೆಮ್ಮು, ಮಲಬದ್ಧತೆಗೆ ಮದ್ದು ಮಾಡದಿದ್ದರೆ ವ್ಯಾಯಾಮದ ಫಲವೆಲ್ಲ ಅಲ್ಲೇ ಹೋಗುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡಿದ್ದರೆ ಫಿಸಿಯೋ ಕಾಯಲಿ, ಡಾಕ್ಟರ ಬಳಿ ಹೋಗಿ.

ಕರೆಂಟಿನ ಮಷಿನ್ ಹಾಕುತ್ತಾರಂತೆ. ಅಪಾಯವೇ? — ಓದುಗಿ, ಉಡುಪಿ

ಎಲ್ಲರಿಗೂ ಹಾಕುವುದಿಲ್ಲ. ತಾವಾಗಿ ಬಿಗಿಯಲು ಬಾರದವರಿಗೆ, ಅಂದರೆ 0 ಅಥವಾ 1 ಅಂಕದವರಿಗೆ, ಸ್ನಾಯು ಎಲ್ಲಿದೆ ಎಂದು ತಿಳಿಸಲು ಅದು ಸಹಾಯಕ್ಕೆ ಬರುತ್ತದೆ. ಜುಮುಜುಮು ಎನ್ನುತ್ತದೆ, ಸುಡಬಾರದು, ಚುಚ್ಚಬಾರದು. ಅವಸರದ ಮೂತ್ರಕ್ಕೆ ಪಾದದ ಗಿಣ್ಣಿನ ಒಳಬದಿಯ ನರಕ್ಕೆ ಸಣ್ಣ ಕರೆಂಟ್ ಕೊಡುವ ವಿಧಾನವೂ ಇದೆ: ವಾರಕ್ಕೊಮ್ಮೆ 30 ನಿಮಿಷ, 12 ವಾರ. ಬಸುರಿಯರಿಗೆ, ಪೇಸ್‌ಮೇಕರ್ ಇರುವವರಿಗೆ ಹಾಕಬಾರದು, ಯೋನಿಯಲ್ಲಿ ಸೋಂಕಿದ್ದರೆ ವಾಸಿಯಾಗುವವರೆಗೆ ಕಾಯಬೇಕು. ಒಳಗಿಡುವ ಪ್ರೋಬ್ ನಿಮಗೆಂದೇ ಹೊಸದಾಗಿ ಕೊಂಡದ್ದಾಗಿರಬೇಕು. ಬಯೋಫೀಡ್‌ಬ್ಯಾಕ್ ಎನ್ನುವುದು ಬೇರೆ, ಅದು ಕರೆಂಟ್ ಕೊಡುವುದಿಲ್ಲ. ನೀವು ಬಿಗಿದದ್ದನ್ನು, ಬಿಟ್ಟದ್ದನ್ನು ಪರದೆಯಲ್ಲಿ ಗೆರೆಯಾಗಿ ತೋರಿಸುತ್ತದೆ ಅಷ್ಟೆ. ವ್ಯಾಯಾಮ ಕಲಿಸದೆ ಪ್ರತಿ ಭೇಟಿಯಲ್ಲೂ ಮಷಿನ್ ಮಾತ್ರ ಹಾಕಿ ಕಳಿಸುವ ಕಡೆ ದುಡ್ಡು ಸುರಿಯಬೇಡಿ.

ಎಷ್ಟು ಸಲ ಹೋಗಬೇಕು? ಯಾವಾಗ ಇದು ಫಿಸಿಯೋ ಕೆಲಸವಲ್ಲ ಎಂದು ತಿಳಿಯಬೇಕು? — ಓದುಗ, ತುಮಕೂರು

ಸಾಮಾನ್ಯವಾಗಿ ಮೊದಲು ವಾರಕ್ಕೊಮ್ಮೆ, ನಂತರ ಎರಡು ಮೂರು ವಾರಕ್ಕೊಮ್ಮೆ, ಒಟ್ಟು ಆರರಿಂದ ಹತ್ತು ಭೇಟಿ, ಮೂರು ತಿಂಗಳ ಸುತ್ತಮುತ್ತ. ನೋವಿನವರಿಗೆ ಹೆಚ್ಚು ಬೇಕಾಗಬಹುದು. ನಾಲ್ಕನೇ ಭೇಟಿಯ ಹೊತ್ತಿಗೆ ಮತ್ತೆ ಅಳತೆ ಮಾಡಿ ಮೊದಲ ದಿನದ ಅಂಕದ ಜೊತೆ ಹೋಲಿಸಿ ತೋರಿಸಲು ಕೇಳಿ.

ಮೂತ್ರದಲ್ಲಿ ರಕ್ತ, ಜ್ವರದ ಜೊತೆ ಉರಿ, ಮೂತ್ರ ಕಟ್ಟಿಕೊಂಡು ಬಾರದಿರುವುದು ಇದ್ದರೆ ಮೊದಲು ಡಾಕ್ಟರು. ಬೆನ್ನುನೋವಿನ ಜೊತೆ ತೊಡೆಸಂದು, ಗುದದ ಸುತ್ತ ಮರಗಟ್ಟಿ, ಮೂತ್ರ ಅಥವಾ ಮಲದ ಹಿಡಿತ ಒಮ್ಮೆಗೇ ತಪ್ಪಿದರೆ ಬೆನ್ನಿನ ನರಗಳು ಒತ್ತಿಹೋಗಿರಬಹುದು. ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.

ಮುಟ್ಟಿನ ದಿನ ಅಪಾಯಿಂಟ್‌ಮೆಂಟ್ ಬಿದ್ದರೆ? — ಓದುಗಿ, ಮಂಡ್ಯ

ಹೋಗಬಹುದು. ಮಾತುಕತೆ, ಹೊರಗಿನ ಪರೀಕ್ಷೆ, ಉಸಿರಾಟದ ಅಭ್ಯಾಸ ಎಲ್ಲವೂ ನಡೆಯುತ್ತದೆ. ಒಳಪರೀಕ್ಷೆ ಬೇಕೋ ಮುಂದಿನ ಸಲಕ್ಕೋ ಎಂಬುದು ನಿಮ್ಮಿಷ್ಟ. ಹಿಂದಿನ ದಿನ ಫೋನ್ ಮಾಡಿ ತಿಳಿಸಿದರೆ ಆ ಹೊತ್ತನ್ನು ಬೇರೆ ಕೆಲಸಕ್ಕೆ ಹೊಂದಿಸಿಕೊಳ್ಳುತ್ತಾರೆ. ಕಪ್ ಅಥವಾ ಟ್ಯಾಂಪೂನ್ ಬಳಸುವವರು ಪರೀಕ್ಷೆಗೆ ಮುಂಚೆ ತೆಗೆದಿರಬೇಕು.